ಸೆನ್ಸರ್ ಸಾರ್

ಬೈಕಿನಲ್ಲಿ ಬಂದರೆ ಮೆಕ್ಯಾನಿಕ್, ಕಾರಿನಲ್ಲಿ ಬಂದರೆ ಎಂಜಿನಿಯರ್. ಈ ಸತ್ಯ ಗೊತ್ತಿರುವುದರಿಂದಲೇ ಸೆನ್ಸರ್ ಸಾರ್ ಯಾವ ಕ್ವಾರಿಗೆ ಹೋದರೂ ಕಾರಿನಲ್ಲೇ ಹೋಗುತ್ತಾರೆ, ಅದೂ ಕಲ್ಲಿನ ಧೂಳಿಗೆ ಗಾಜು ಏರಿಸಿಕೊಂಡು. ಒಂದು ಕಾಲದಲ್ಲಿ ಯಾವುದೋ ದೊಡ್ಡ ಕಂಪನಿಯ ಸರ್ವಿಸ್‌ನಲ್ಲಿದ್ದವರು. ಈಗ ‘ಸ್ವಂತ’. ಹೆಗಲ ಮೇಲಿನ ಕಪ್ಪು ಬ್ಯಾಗಿನಲ್ಲಿ ಒಂದು ಲ್ಯಾಪ್‌ಟಾಪ್, ಬಣ್ಣಬಣ್ಣದ ಕೇಬಲ್ಲು, ಎಲ್ಲಿಂದ ಬಂತೆಂದು ಯಾರೂ ಕೇಳಬಾರದ ಸಾಫ್ಟ್‌ವೇರು. ಎಲ್ಲಕ್ಕಿಂತ ಕೆಳಗೆ, ಇನ್ಸುಲೇಷನ್ ಟೇಪ್ ಸುತ್ತಿದ ಒಂದು ಹಳೇ ಮಲ್ಟಿಮೀಟರ್.

ಅಸಲು ಹೆಸರು ಏನೋ ಇದೆ. ಆದರೆ ಜೆಸಿಬಿ, ಟಿಪ್ಪರ್, ರೋಲರ್ ಇಟ್ಟವರ ಮೊಬೈಲುಗಳಲ್ಲೆಲ್ಲ ಅವರು ‘ಸೆನ್ಸರ್ ಸಾರ್’ ಎಂದೇ ಸೇವ್ ಆಗಿದ್ದಾರೆ. ಕಾರಣ, ಯಾವ ರೋಗಕ್ಕಾದರೂ ಅವರು ಮೊದಲು ಹೇಳುವ ಹೆಸರು ಅದೊಂದೇ.

“ಸಾರ್, ಗಾಡಿ ಪವರ್ ತಗೊಳ್ತಿಲ್ಲ.”

“ಕೋಡ್ ಏನು ಬಂದಿದೆ ಗೌಡ್ರೇ?”

“ಕೆಂಪು ಲೈಟು ಬಂದಿದೆ.”

“ಮಾನಿಟರ್ ಫೋಟೋ ಹಾಕಿ.”

ಫೋಟೋ ಬರುತ್ತದೆ. ಮುಕ್ಕಾಲು ಪಾಲು ಆಪರೇಟರನ ಹೆಬ್ಬೆರಳು, ಉಳಿದದ್ದು ಧರ್ಮಸ್ಥಳದ ಸ್ಟಿಕ್ಕರು, ಮೂಲೆಯಲ್ಲಿ ಮಾನಿಟರಿನ ಅಂಚು. ಸಾರ್ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ, ಉಸಿರು ಬಿಟ್ಟು, “ಸೆನ್ಸರ್ ಇರಬೇಕು” ಎನ್ನುತ್ತಾರೆ.

ಸಾರ್ ದಡ್ಡರೆಂದು ಭಾವಿಸಿದರೆ ತಪ್ಪು. ಎಂಜಿನ್ನಿನ ಕೋಡುಗಳು ಅವರಿಗೆ ಮಗ್ಗಿಯಂತೆ ಬಾಯಿಪಾಠ. 100 ಎಂದರೆ ಆಯಿಲ್ ಪ್ರೆಷರ್, 110 ಎಂದರೆ ಕೂಲಂಟ್ ಬಿಸಿ. ಪಕ್ಕದ ಅಂಕಿ 3 ಆದರೆ ವೋಲ್ಟೇಜ್ ಹೆಚ್ಚು, 4 ಆದರೆ ಕಡಿಮೆ, 5 ಆದರೆ ಎಲ್ಲೋ ವೈರ್ ಬಿಟ್ಟುಹೋಗಿದೆ. ಕೋಡು ಹೇಳುವುದು ಇಷ್ಟೇ: ಈ ದಾರಿಯಲ್ಲಿ ಏನೋ ಸರಿಯಿಲ್ಲ. ಯಾವ ಸಾಮಾನು ಕೆಟ್ಟಿದೆ ಎಂದು ಅದು ಯಾವತ್ತೂ ಹೇಳುವುದಿಲ್ಲ. ಒಂದೇ 5 ವೋಲ್ಟಿನ ಲೈನಿನಲ್ಲಿ ನಾಲ್ಕಾರು ಸೆನ್ಸರುಗಳು ಬದುಕುತ್ತಿರುತ್ತವೆ. ಅದರಲ್ಲಿ ಒಂದು ಶಾರ್ಟ್ ಆದರೆ ಉಳಿದವೂ ಸಾವಿನ ಮನೆಯ ಹೆಂಗಸರ ಹಾಗೆ ಒಟ್ಟಿಗೆ ಗೋಳಿಡುತ್ತವೆ. ಮಾನಿಟರಿನಲ್ಲಿ ಸಾಲಾಗಿ ಆರು ಕೋಡು ಕಂಡ ಗೌಡರು ಆರು ಸೆನ್ಸರಿನ ರೇಟು ಮನಸ್ಸಿನಲ್ಲೇ ಕೂಡಿಸಿ ಕಲ್ಲಿನ ಮೇಲೆ ಕೂತುಬಿಡುತ್ತಾರೆ. ಸಾರ್ ಅವರನ್ನು ಸ್ವಲ್ಪ ಹೊತ್ತು ಹಾಗೇ ಕೂರಲು ಬಿಡುತ್ತಾರೆ. ಆಮೇಲೆ “ಒಂದರಲ್ಲೇ ಮುಗಿಸೋಣ ಬಿಡಿ” ಎಂದಾಗ ಆ ಒಂದರ ಬೆಲೆ ಪ್ರಸಾದದಷ್ಟು ಹಗುರವಾಗಿರುತ್ತದೆ.

ಬಂದ ಮೇಲೆ ವಿಚಾರಣೆ. “ಬಕೆಟ್‌ಗೆ ವೆಲ್ಡಿಂಗ್ ಮಾಡಿಸಿದ್ರಾ?” ಇಲ್ಲವೇ ಇಲ್ಲ ಎಂದು ಗೌಡರೂ ಆಪರೇಟರೂ ಒಂದೇ ಸ್ವರದಲ್ಲಿ ಹೇಳುತ್ತಾರೆ. ಅವರ ಹಿಂದೆಯೇ ಬಕೆಟಿನ ಹಲ್ಲಿನ ಮೇಲೆ ನಿನ್ನೆಯ ವೆಲ್ಡಿಂಗ್ ಫಳಫಳ ಹೊಳೆಯುತ್ತಿರುತ್ತದೆ. ಬ್ಯಾಟರಿ ಕಳಚದೆ ವೆಲ್ಡ್ ಮಾಡಿದರೆ ಆ ಕರೆಂಟು ಕಂಟ್ರೋಲರನ್ನೂ ಹಾದು ಹೋಗಬಹುದು ಎಂದು ಸಾರ್ ಹೋದ ಸಲವೇ ಹೇಳಿದ್ದರು. ಇನ್ನು ಹಾಡಿನ ವಿಷಯ. ಚೈನ್ ಮಷಿನ್ನು 24 ವೋಲ್ಟು, ಆಪರೇಟರನ ಟೇಪು 12. ಅದಕ್ಕೆ ಅವನು ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ವೈರ್ ಎಳೆದಿದ್ದಾನೆ. ರಾತ್ರಿಯೆಲ್ಲ ಭೋಜ್‌ಪುರಿ ಹಾಡು ಕೇಳಿ ಸೊರಗಿದ ಆ ಬ್ಯಾಟರಿ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕುಸಿಯುತ್ತದೆ, ಕಂಟ್ರೋಲರು ಗಾಬರಿಯಾಗಿ ಬಾಯಿಗೆ ಬಂದ ಕೋಡೆಲ್ಲ ಒದರುತ್ತದೆ.

ಅವರ ಸುಗ್ಗಿ ಇರುವುದು ಆಯುಧಪೂಜೆಯ ಮಾರನೇ ದಿನ. ವರ್ಷವಿಡೀ ಮಣ್ಣು ಮೆತ್ತಿಕೊಂಡು ಸುಖವಾಗಿದ್ದ ಮಷಿನ್ನುಗಳಿಗೆ ಪೂಜೆಯ ದಿನ ಪ್ರೆಷರ್ ವಾಟರಿನ ಅಭ್ಯಂಜನ. ಕನೆಕ್ಟರುಗಳ ಸಂದಿಗೆಲ್ಲ ನೀರು ನುಗ್ಗಿರುತ್ತದೆ. ಬೂದುಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚೈನ್ ಹತ್ತಿಸಿ, ಜಯಕಾರ ಹಾಕುವವರೆಗೂ ಎಲ್ಲ ಸರಿ. ಮರುದಿನ ಬೂಮು ಎದ್ದರೆ ಕೇಳಿ. ಅಂದು ಸಾರ್ ಫೋನನ್ನು ಎರಡನೇ ರಿಂಗಿಗೂ ಎತ್ತುವುದಿಲ್ಲ.

ಹೊಗೆ ನಿಯಮವೂ ಅವರ ಕೈ ಹಿಡಿದಿದೆ. 2021ರ ಏಪ್ರಿಲ್‌ನಲ್ಲಿ ಚಕ್ರದ ಮಷಿನ್ನುಗಳಿಗೆ ನಾಲ್ಕನೇ ಹಂತ, 2025ರ ಜನವರಿಯಿಂದ ಐದನೇ ಹಂತ. ಸ್ಕ್ರೂಡ್ರೈವರನ್ನು ಎಂಜಿನ್ನಿಗೂ ಕಿವಿಗೂ ಹಚ್ಚಿ “ಮೂರನೇದು ಹೊಡೀತಿಲ್ಲ” ಎನ್ನುತ್ತಿದ್ದ ಮೇಸ್ತ್ರಿಗಳು, ಎಂಜಿನ್ನಿನಲ್ಲಿ ಸೆನ್ಸರು ಹೆಚ್ಚಿದಂತೆಲ್ಲ, ಹಂತಕ್ಕೊಂದು ಹೆಜ್ಜೆ ಹಿಂದೆ ಸರಿದರು.

ಈಗ ನಿಜವಾದ ರಿಪೇರಿ ನೋಡಿ. ಗೌಡರು ಟೀ ತರಿಸಲು ಆಚೆ ಹೋದಾಗ ಸಾರ್ ಮಲ್ಟಿಮೀಟರ್ ತೆಗೆಯುತ್ತಾರೆ. ಕೀ ಆಫ್. ಕಂಟ್ರೋಲರುಗಳು ತಮ್ಮತಮ್ಮಲ್ಲಿ ಮಾತಾಡುವ ಹೆಣೆದ ಎರಡು ವೈರಿನ ನಡುವೆ ಮೀಟರ್ ಇಟ್ಟರೆ 60 ಓಮ್ ಬರಬೇಕು, ಎರಡು ತುದಿಯಲ್ಲೂ 120ರ ಒಂದೊಂದು ರೆಸಿಸ್ಟರ್ ಇರುತ್ತದಲ್ಲ. 120 ಬಂದರೆ ಒಂದು ತುದಿ ಕೈಬಿಟ್ಟಿದೆ. 60 ಬಂತು. ಸರಿ, ಹಾಗಾದರೆ ಅರ್ತ್. ಸೀಟಿನ ಹಿಂದೆ ಕೈ ತೂರಿಸಿ, ಕಣ್ಣು ಮುಚ್ಚಿ, ಬೆರಳ ತುದಿಯಲ್ಲೇ ತಡಕುತ್ತಾರೆ. ಇಲಿ ಕಡಿದ ಒಂದು ಟೇಪು, ಅದರ ಕೆಳಗೆ ಬೋಲ್ಟು, ಬೋಲ್ಟಿನಡಿ ಹಸಿರು ಕಿಲುಬು. ಹೆಲ್ಪರ್ ಹುಡುಗನಿಂದ ಉಪ್ಪುಕಾಗದ ಇಸಕೊಂಡು ತಿಕ್ಕಿ, ಬೋಲ್ಟ್ ಬಿಗಿದು, ಕೀ ತಿರುಗಿಸಿದರೆ ಲೈಟು ಮಾಯ. ಟೀ ಇನ್ನೂ ಬಂದಿಲ್ಲ.

ಇಲ್ಲಿಗೆ ನಿಲ್ಲಿಸಬಹುದು. ನಿಲ್ಲಿಸುವುದಿಲ್ಲ. ಸ್ವಂತ ಶುರು ಮಾಡಿದ ಹೊಸತರಲ್ಲಿ ಹೀಗೇ ಸತ್ಯವಂತರಾಗಿ ಐದು ನಿಮಿಷಕ್ಕೆ ಎದ್ದು ನಿಂತಿದ್ದರಂತೆ. “ಒಂದು ಬೋಲ್ಟ್ ಬಿಗಿಯೋಕೆ ಮೂರು ಸಾವಿರಾನಾ ಸಾರ್?” ಎಂದು ಮಾಲೀಕ ಐನೂರು ಕೈಗಿತ್ತನಂತೆ. ಎಲ್ಲಿ ಬಿಗಿಯಬೇಕೆಂದು ತಿಳಿದದ್ದಕ್ಕೆ ನಮ್ಮಲ್ಲಿ ಯಾರೂ ದುಡ್ಡು ಕೊಡುವುದಿಲ್ಲ. ಡಬ್ಬಿಯಲ್ಲಿ ಬಂದ ಸಾಮಾನಿಗೆ, ಪರದೆಯ ಮೇಲೆ ಕುಣಿವ ಗೆರೆಗೆ ಚೌಕಾಸಿಯಿಲ್ಲದೆ ಕೊಡುತ್ತಾರೆ. ಹಾಗಾಗಿ ಈಗ ಟೀ ಬಂದ ಮೇಲೆಯೇ ಲ್ಯಾಪ್‌ಟಾಪ್ ತೆರೆಯುವುದು. ಮುಕ್ಕಾಲು ಗಂಟೆ ಗೆರೆಗಳು ಏರಿ ಇಳಿಯುತ್ತವೆ. ಗೌಡರು ಕೈಕಟ್ಟಿ ನಿಂತು, ಏನೂ ತಿಳಿಯದೆ, ಪ್ರತಿ ಏರಿಳಿತಕ್ಕೂ ತಲೆಯಾಡಿಸುತ್ತಾರೆ. ಕೆಲವೊಮ್ಮೆ ಗುಂಡಿಗೆ ಗಟ್ಟಿಯಿರುವ ಗಿರಾಕಿಯಾದರೆ ಒಂದು ಸೆನ್ಸರೂ ಬದಲಾಗುತ್ತದೆ. “ಹಳೇದು ನಂಗಿರ್ಲಿ, ಟೆಸ್ಟಿಂಗ್‌ಗೆ ಬೇಕು” ಎಂದು ಸಾರ್ ಒಯ್ಯುವ ಆ ಹಳೇದು ಮುಂದಿನ ವಾರ ಇನ್ನೊಂದು ಕ್ರಷರಿನಲ್ಲಿ ‘ಒರಿಜಿನಲ್’ ಆಗಿ ಪುನರ್ಜನ್ಮ ಪಡೆಯುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ನಾನು ಅವರ ವಕಾಲತ್ತು ವಹಿಸಲಾರೆ.

ಉಪ್ಪುಕಾಗದ ಕೊಟ್ಟ ಆ ಹೆಲ್ಪರ್ ಹುಡುಗ ಎಲ್ಲ ನೋಡಿಕೊಂಡಿದ್ದ. ಮಳೆಗಾಲದಲ್ಲಿ ಮತ್ತೆ ಅದೇ ಲೈಟು ಬಂದಾಗ, ಸಾರ್ ದಾರಿಯಲ್ಲಿರುವಷ್ಟರಲ್ಲೇ ಸೀಟಿನ ಹಿಂದೆ ಕೈ ಹಾಕಿ, ತಿಕ್ಕಿ, ಬಿಗಿದು, ಗಾಡಿ ಸ್ಟಾರ್ಟ್ ಮಾಡಿಯೇ ಬಿಟ್ಟ. ಗೌಡರು ಓಡಿಬಂದರು. “ಸಾರ್ ಬರೋಗಂಟ ಮುಟ್ಟಬೇಡ ಅಂತ ಹೇಳಿರ್ಲಿಲ್ವೇನೋ? ಕಂಪ್ಯೂಟರ್ ಗಾಡಿ ಕಣೋ ಇದು!” ಎಂದು ಎಂಜಿನ್ ಆಫ್ ಮಾಡಿಸಿದರು. ಸಾರ್ ಬಂದು, ಸರಿಯಿದ್ದ ಗಾಡಿಗೆ ಕೇಬಲ್ ಚುಚ್ಚಿ, ಮುಕ್ಕಾಲು ಗಂಟೆ ನೋಡಿ, “ಇನ್ನೊಂದು ಸಲ ಹಿಂಗೆಲ್ಲ ಕೈ ಹಾಕಿಸಬೇಡಿ, ಪ್ರೋಗ್ರಾಂ ಹೋಗಿಬಿಡ್ತದೆ” ಎಂದು ಎಚ್ಚರಿಸಿ ಮೂರು ಸಾವಿರ ಎಣಿಸಿಕೊಂಡರು. ಹೊರಡುವಾಗ ಬ್ಯಾಗು ಹೊತ್ತು ತಂದ ಹುಡುಗನ ಹತ್ತಿರ, ಕಾರಿನ ಗಾಜು ಅರ್ಧ ಇಳಿಸಿ, “ಸಂಬಳ ಎಷ್ಟು ಕೊಡ್ತಾರೋ ನಿಂಗೆ?” ಎಂದು ಕೇಳಿದರಂತೆ.