ಓರೆ ನಿಂತ ಲಾರಿ

ತಿಪಟೂರಿನಲ್ಲಿ ಕೊಬ್ಬರಿಯ ಸಾಗಾಣಿಕೆಗೆಂದು ನನ್ನ ಷಡ್ಡಕರು ಇಟ್ಟುಕೊಂಡಿರುವ ಆರು ಚಕ್ರದ ಹಳೆಯ ಲಾರಿಯು, ಹಿಂಬದಿಯ ಎರಡು ಪಕ್ಕಕ್ಕೂ ಹೊಸ ಪಾಟಾ (ಪಟ್ಟಿ ಸ್ಪ್ರಿಂಗು) ಹಾಕಿಸಿಕೊಂಡು, ಹೊಸ ಯು-ಬೋಲ್ಟುಗಳ ಬಿಗಿತದಿಂದಲೂ ಗ್ರೀಸಿನ ಲೇಪನದಿಂದಲೂ ಶೋಭಿತವಾಗಿ ಮನೆಯ ಮುಂದೆ ಬಂದು ನಿಂತಾಗ, ಅದು ಸ್ಪಷ್ಟವಾಗಿ ಬಲಕ್ಕೆ ವಾಲಿತ್ತು. ಸೊಂಟವನ್ನು ಒಂದು ಮಗ್ಗುಲಿಗೆ ಬಳುಕಿಸಿ ನಿಲ್ಲುವುದು ಬೇಲೂರಿನ ಮದನಿಕೆಯರಿಗೆ ಒಪ್ಪುವ ಭಂಗಿಯೇ ಹೊರತು, ಹೊನ್ನಾವರದ ರಸ್ತೆಯಲ್ಲಿ ಹೊರೆ ಹೊತ್ತು ತಿರುಗುವ ಲಾರಿಗೆ ಒಪ್ಪುವಂಥದಲ್ಲ. ಪಾಟಾ ಅಂಗಡಿಗೆ ಅದೇ ತಾನೆ ಹಣ ಎಣಿಸಿ ಬಂದಿದ್ದ ಷಡ್ಡಕರ ಮುಖಭಾವವನ್ನು ವರ್ಣಿಸುವ ಸಾಮರ್ಥ್ಯ ನನಗಿಲ್ಲ.

ವಾಲಿದ ಲಾರಿಯನ್ನು ಕಂಡು ಸುಮ್ಮನೆ ಮುಂದೆ ಹೋಗುವ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬಲಗಡೆಯ ಪಾಟಾದ ಉಕ್ಕಿಗೆ ಹದ ಸಾಲದೆಂದು ಡ್ರೈವರನೂ, ಬಲಗಡೆಯ ಟೈರಿಗೆ ಗಾಳಿ ಸಾಲದೆಂದು ಕ್ಲೀನರನೂ, ಬಲಗಡೆ ಕುಳಿತುಕೊಳ್ಳುವ ಡ್ರೈವರನ ಹೊಟ್ಟೆಯೇ ಸಕಲಕ್ಕೂ ಮೂಲವೆಂದು ಎದುರು ಮಂಡಿಯ ಸಾಹುಕಾರರೂ ಏಕಕಾಲದಲ್ಲಿ ಅಪ್ಪಣೆ ಕೊಡಿಸಿದರು. ಮೂವರ ಸಿದ್ಧಾಂತಗಳೂ ಪರಸ್ಪರ ವಿರುದ್ಧವಾಗಿದ್ದರೂ, ತಗ್ಗಿದ ಮಗ್ಗುಲೇ ತಪ್ಪಿತಸ್ಥ ಮಗ್ಗುಲೆಂಬ ಅಂಶದಲ್ಲಿ ಮಾತ್ರ ಪರಿಪೂರ್ಣ ಐಕಮತ್ಯವಿದ್ದಿತು. ಬಗ್ಗಿ ನಿಂತವನ ಮೇಲೆ ಗುಮಾನಿಪಡುವುದು ಲೋಕರೂಢಿ. ಎತ್ತರದಲ್ಲಿ ನಿಂತವನನ್ನು, ‘ನೀನು ಅಲ್ಲಿಗೆ ಹೇಗೆ ಏರಿದೆಯಪ್ಪಾ?’ ಎಂದು ಯಾರು ತಾನೇ ಕೇಳುತ್ತಾರೆ!

ಅಷ್ಟರಲ್ಲಿ, ಹೈಸ್ಕೂಲಿನಲ್ಲಿ ಬಹುಕಾಲ ಭೌತಶಾಸ್ತ್ರ ಬೋಧಿಸಿ ನಿವೃತ್ತರಾಗಿದ್ದ ನೆರೆಮನೆಯ ಮೇಷ್ಟ್ರು, ಯಾವನೋ ಗಾರೆಯವನಿಂದ ಎರವಲು ತಂದ ರಸಮಟ್ಟವನ್ನು ಕಂಕುಳಲ್ಲಿ ಇರಿಸಿಕೊಂಡು ದಯಮಾಡಿಸಿದರು. ‘ಮೊದಲು ಲಾರಿಯನ್ನು ತಿರುಗಿಸಿ ನಿಲ್ಲಿಸಪ್ಪ’ ಎಂಬುದು ಅವರ ಪ್ರಥಮ ಆಜ್ಞೆ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರಷ್ಟೆ. ನಿಂತ ಜಾಗದಲ್ಲಿಯೇ ಮುಖ ಹಿಂದುಮುಂದಾಗಿಸಿದಾಗ ಓರೆಯು ಲಾರಿಯ ಮತ್ತೊಂದು ಮಗ್ಗುಲಿಗೆ ಹಾರಿದರೆ ದೋಷ ನೆಲದ್ದು, ಅದೇ ಮಗ್ಗುಲಿನಲ್ಲಿ ಉಳಿದರೆ ದೋಷ ಲಾರಿಯದು. ತಿರುಗಿಸಿದ್ದಾಯಿತು, ಕೊಂಚ ಕಡಿಮೆಯಾದರೂ ಓರೆಯು ಬಲಗಡೆಯಲ್ಲಿಯೇ ಉಳಿಯಿತು. ಟೈರಿನ ಗಾಳಿ ಪರೀಕ್ಷಿಸಿ ನೋಡಿದರು. ಕ್ಲೀನರನ ಸಿದ್ಧಾಂತ ಬಿದ್ದುಹೋಯಿತು. ಡ್ರೈವರನನ್ನು ಕೆಳಕ್ಕೆ ಇಳಿಸಿ ನೋಡಿದರು, ಸಾಹುಕಾರರದೂ ಬಿದ್ದುಹೋಯಿತು. ಮುಂಭಾಗದ ಓರೆಯೇ ಹಿಂದಕ್ಕೆ ಬಂದಿರಬಹುದೆಂಬ ಶಂಕೆಯಿಂದ ಮುಂದಿನ ಅಡ್ಡಪಟ್ಟಿಯ ನಟ್ಟನಡುವೆ ಜಾಕು ಕೊಟ್ಟು ಎತ್ತಿದ್ದೂ ಆಯಿತು, ಹಿಂಭಾಗ ಜಗ್ಗಲಿಲ್ಲ.

ಬಳಿಕ ಅಳತೆ. ಷಡ್ಡಕರು ಟೇಪಿನ ತುದಿಯನ್ನು ಮರದ ಬಾಡಿಯ ಅಂಚಿಗೆ ಹಿಡಿಯಹೋದಾಗ ಮೇಷ್ಟ್ರು ಅವರ ಕೈಯನ್ನೇ ಹಿಡಿದರು. ಬಾಡಿ ಎಂಬುದು ಬಡಗಿಯ ಸೃಷ್ಟಿ, ಅವನ ಕಣ್ಣಳತೆಯನ್ನು ನಂಬಿ ಉಕ್ಕಿನ ಮೇಲೆ ಆರೋಪ ಹೊರಿಸಬಾರದು, ಆಕ್ಸಲ್ಲಿನಿಂದ ಛಾಸಿಗೇ ಅಳೆಯಬೇಕು ಎಂಬುದು ಅವರ ವಾದ. ಅಂತೆಯೇ ಅಳೆದಾಗ ಎಡಗಡೆ ಮುಕ್ಕಾಲು ಅಂಗುಲ ಹೆಚ್ಚು ಬಂದಿತು.

ಮೇಷ್ಟ್ರ ವಿದ್ವತ್ತು ಪೂರ್ಣವಾಗಿ ಅರಳಿದ್ದು ಇಲ್ಲಿಂದ ಮುಂದೆ. ರಾಬರ್ಟ್ ಹೂಕ್ ಎಂಬ ಆಂಗ್ಲ ವಿಜ್ಞಾನಿಯು ಸ್ಪ್ರಿಂಗಿನ ನಿಯಮವನ್ನು ಕಂಡುಹಿಡಿದು, ಅನ್ಯರು ಅಪಹರಿಸಿಯಾರೆಂಬ ಭಯದಿಂದ ಅದನ್ನು ಸಾರುವ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನೆಲ್ಲ ಕಲಸಿ 1676ರಲ್ಲಿ ಒಗಟಾಗಿ ಪ್ರಕಟಿಸಿ, 1678ರಲ್ಲಿ ತಾನೇ ಅದನ್ನು ಬಿಡಿಸಿದನಂತೆ. ಭಾರ ಎಷ್ಟೋ ಬಾಗುವಿಕೆ ಅಷ್ಟು ಎಂಬುದೇ ಅದರ ತಾತ್ಪರ್ಯ. ಲಾರಿಗೆ ಇದನ್ನು ಅನ್ವಯಿಸಿ ಮೇಷ್ಟ್ರು ಹೇಳಿದರು: ಬಲಗಡೆಯ ಪಾಟಾ ನಿಜವಾಗಿಯೂ ದುರ್ಬಲವಾಗಿದ್ದರೆ ಭಾರ ಏರಿದಷ್ಟೂ ಅದು ಹೆಚ್ಚು ಬಾಗಿ ಓರೆಯೂ ಬೆಳೆಯಬೇಕು; ಭಾರ ಏರಿದರೂ ಮುಕ್ಕಾಲು ಅಂಗುಲ ಮುಕ್ಕಾಲಾಗಿಯೇ ಉಳಿದರೆ, ಬಾಗದಿರುವ ಯಾವುದೋ ಘನಪದಾರ್ಥ ಎಡಗಡೆ ಅಡಗಿದೆಯೆಂದು ತಿಳಿಯತಕ್ಕದ್ದು.

ಕೊಬ್ಬರಿ ಚೀಲಗಳನ್ನು ಎರಡೂ ಪಕ್ಕಕ್ಕೆ ಸಮನಾಗಿ ಹೇರಿಸಿ ಅಳೆದರು. ಪಾಟಾಗಳೆರಡೂ ವಿನಯದಿಂದ ಒಂದೇ ಸಮನೆ ಬಾಗಿದುವು; ಅಂತರ ಕದಲಲಿಲ್ಲ.

ಕ್ಲೀನರನು ಗೋಣಿತಾಟು ಹಾಸಿಕೊಂಡು ಕೆಳಗೆ ನುಸುಳಿ, ಎಡಗಡೆಯ ಆಕ್ಸಲ್ಲಿನ ಮೇಲೆ ಕೆಸರೂ ಗ್ರೀಸೂ ಬೆರೆತು ಹೆಪ್ಪುಗಟ್ಟಿದ್ದ ಕಪ್ಪನ್ನು ಸ್ಕ್ರೂಡ್ರೈವರಿನಿಂದ ಕೆರೆದಾಗ, ಪಾಟಾಕ್ಕೂ ಆಕ್ಸಲ್ಲಿಗೂ ನಡುವೆ ದಪ್ಪನೆಯ ಉಕ್ಕಿನ ಪ್ಯಾಕಿಂಗ್ ತುಂಡೊಂದು ಗೋಚರವಾಯಿತು. ಹಿಂದೆ ಎಂದೋ ಹಳೆಯ ಎಡ ಪಾಟಾ ಸೊರಗಿದ್ದ ಕಾಲದಲ್ಲಿ, ಪಾಟಾ ಬದಲಿಸುವ ವೆಚ್ಚಕ್ಕೆ ಅಂಜಿದ ಪೂರ್ವದ ಮಾಲೀಕನಾರೋ ಕೊಡಿಸಿದ್ದ ಔಷಧಿ ಅದು. ರೋಗ ಈಗ ಹೊಸ ಪಾಟಾದಿಂದ ವಾಸಿಯಾಗಿತ್ತು. ಔಷಧಿ ಮಾತ್ರ ಒಳಗೇ ಉಳಿದು ತಾನೇ ರೋಗವಾಗಿ ಕುಳಿತಿತ್ತು.

ಲಾರಿಯನ್ನು ಮತ್ತೆ ಪಾಟಾ ಅಂಗಡಿಗೆ ಒಯ್ದು ಕೇಳಿದಾಗ ಮೇಸ್ತ್ರಿಯು ಲವಲೇಶವೂ ವಿಚಲಿತನಾಗಲಿಲ್ಲ. ‘ಇದ್ದದ್ದನ್ನ ಇದ್ದಂಗೇ ಕೂರ್ಸಿದೀನಿ ಸ್ವಾಮಿ. ತೆಗೀಬೇಕು ಅಂತ ನೀವು ಹೇಳಿರ್ಲಿಲ್ವಲ್ಲ’ ಎಂದನು. ತರ್ಕಶಾಸ್ತ್ರದ ದೃಷ್ಟಿಯಿಂದ ಇದು ಅಖಂಡನೀಯವಾದ ಉತ್ತರ. ಷಡ್ಡಕರು ಬಾಯಿ ತೆರೆದು, ಮುಚ್ಚಿ, ಕಾಫಿ ತರಿಸಿದರು.

ತುಂಡು ಹೊರಗೆ ಬಂದಿತು, ಯು-ಬೋಲ್ಟುಗಳು ಮರಳಿ ಬಿಗಿದುವು, ಛಾಸಿಯ ಮೇಲಿಟ್ಟ ರಸಮಟ್ಟದ ಗುಳ್ಳೆ ಗೆರೆಗಳ ನಡುವೆ ಬಂದು ನಿಂತಿತು. ಆದರೆ ಛಾಸಿ ನೆಟ್ಟಗಾದ ಕ್ಷಣದಲ್ಲಿಯೇ ಮರದ ಬಾಡಿಯು ತುಸು ಎಡಕ್ಕೆ ವಾಲಿರುವುದು ಎಲ್ಲರ ಕಣ್ಣಿಗೂ ಬಿದ್ದಿತು. ಬಡಗಿಯ ವಿಷಯದಲ್ಲಿ ಮೇಷ್ಟ್ರ ಗುಮಾನಿ ನಿರಾಧಾರವಾಗಿರಲಿಲ್ಲ. ತೆಗೆದ ತುಂಡನ್ನು ಪುನಃ ಹಾಕಿಸಿದರೆ ಹೇಗೆಂದು ಷಡ್ಡಕರು ಗಂಭೀರವಾಗಿ ಆಲೋಚಿಸತೊಡಗಿದ್ದನ್ನು ಕಂಡು, ಮೇಷ್ಟ್ರು ಆ ಉಕ್ಕನ್ನು ತಮ್ಮ ಮನೆಗೇ ಒಯ್ದುಬಿಟ್ಟರು.

ಹಳೆಯ ಲಾರಿಗೆ ಹೊಸ ಪಾಟಾ ಹಾಕಿಸುವ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಯು-ಬೋಲ್ಟು ಬಿಚ್ಚಿದ ಹೊತ್ತಿನಲ್ಲಿ ದಯಮಾಡಿ ಕಾಫಿಗೆ ಹೋಗಬೇಡಿ, ಆಕ್ಸಲ್ಲಿನ ಮೇಲೆ ಏನು ಕುಳಿತಿದೆಯೆಂದು ಎರಡು ಪಕ್ಕವನ್ನೂ ಕೈಯಾಡಿಸಿ ನೋಡಿ, ಬೇಡವಾದುದನ್ನು ಬೇಡವೆಂದು ಮೇಸ್ತ್ರಿಗೆ ಬಾಯಿಬಿಟ್ಟು ಹೇಳಿ.