ಬೇಲಿಯಾಚೆಯ ಜೇನುಪೆಟ್ಟಿಗೆ

ಬೆಳಿಗ್ಗೆ ಕಂಪ್ಯೂಟರ್ ಶುರು ಮಾಡಿ, ಪಾಸ್‌ವರ್ಡ್ ಒತ್ತಿ, ಹೊರಗೆ ಹೋಗಿ ಚಾ ಕುಡಿದು, ಕವಳ ಹಾಕಿ ಬಂದರೂ ಪರದೆಯ ಮೇಲೆ ಇನ್ನೂ 'ಸ್ವಾಗತ' ಅಂತಲೇ ಇರುತ್ತಿತ್ತು. ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರೂ ಅಷ್ಟು ಹೊತ್ತು ಸ್ವಾಗತ ಮಾಡುವುದಿಲ್ಲ.

ಇದನ್ನು ಬೇಲಿಯಾಚೆಯ ಮಾಸ್ತರರ ಹತ್ತಿರ ಹೇಳಿಕೊಂಡೆ. ನಮ್ಮಿಬ್ಬರ ನಡುವೆ ಇರುವುದು ದಾಸವಾಳದ ಬೇಲಿ. ಎದೆಮಟ್ಟಕ್ಕಿಂತ ಮೇಲೆ ಅದನ್ನು ಬೆಳೆಯಗೊಟ್ಟಿಲ್ಲ, ಬೆಳೆದರೆ ಮಾತಿಗೆ ಅಡ್ಡ. ನಿವೃತ್ತಿಯಾದ ಮೇಲೆ ಮಾಸ್ತರರು ಎರಡು ಪೆಟ್ಟಿಗೆ ತುಡುವೆ ಜೇನು ಸಾಕಿದ್ದಾರೆ. ಹಾಗಾಗಿ ಲೋಕದ ಯಾವ ಸುದ್ದಿ ತೆಗೆದರೂ ಅದು ಜೇನಿಗೆ ಬಂದು ಕೂರುತ್ತದೆ.

"ಹೊಸ ಕಂಪ್ಯೂಟರ್ ತಕ್ಕಳ್ಳಿ ಮಾರಾಯ್ರೆ" ಅಂದರು.

"ಕಂಪ್ಯೂಟರಿನದ್ದಲ್ಲ ಮಾಸ್ತರೇ. ಅದೇ ಯಂತ್ರಕ್ಕೆ ಪಕ್ಕದವಳು ಅವಳ ಹೆಸರಲ್ಲಿ ಹೊಕ್ಕರೆ ಅರ್ಧ ನಿಮಿಷ ಸಾಕು. ನಾನು ಯಾವ ಯಂತ್ರದ ಮುಂದೆ ಕೂತರೂ ಹತ್ತು ನಿಮಿಷ. ದೋಷ ನನ್ನದೇ ಅಂತಾಯ್ತು."

"ಅದು ನಂಗೆ ಮೊದಲೇ ಗೊತ್ತಿತ್ತು."

ಆಫೀಸಿನ ಸಹಾಯವಾಣಿಗೆ ಫೋನು ಮಾಡಿದ್ದೂ ಆಗಿತ್ತು. ಬೆಂಗಳೂರಿನ ಹುಡುಗ ಊರು ಕೇಳಿದ. ಮಂಕಿ ಅಂದೆ. ಅತ್ತ ಮೌನ. ನಮ್ಮೂರಿಗೂ ಇಂಗ್ಲಿಷಿನ ಕೋತಿಗೂ ಕನ್ನಡದಲ್ಲಿ ಒಂದೇ ಕಾಗುಣಿತ, ಏನು ಮಾಡುವುದು. ಹೊನ್ನಾವರಕ್ಕೂ ಮುರುಡೇಶ್ವರಕ್ಕೂ ನಡುವೆ, ಕೊಂಕಣ ರೈಲಿನ ಸ್ಟೇಶನ್ ಕೂಡ ಇದೆ ಅಂತ ಊರಿನ ಮಾನ ಕಾಪಾಡುವಷ್ಟರಲ್ಲಿ ಕರೆಂಟು ಹೋಯಿತು.

ಮರುದಿನ ಹುಡುಗ ತಾನಾಗಿಯೇ ಫೋನು ಮಾಡಿದ. ಒಳ್ಳೆಯವನು. ಅವನು ಬಿಡಿಸಿ ಹೇಳಿದ್ದು ಇಷ್ಟು. ವಿಂಡೋಸಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಒಂದು ಅಡಗಿಸಿಟ್ಟ ಕಡತ ಇರುತ್ತದೆ. ಪರದೆಯ ಬಣ್ಣ, ಕೀಬೋರ್ಡಿನ ಭಾಷೆ, ಯಾವ ಪ್ರಿಂಟರು, ಯಾವ ಅಳತೆಯ ಕಾಗದ, ಅವನ ಮರ್ಜಿಯೆಲ್ಲ ಅದರೊಳಗೆ. ನಮ್ಮ ಆಫೀಸಿನಲ್ಲಿ ಯಾರಿಗೂ ಖಾಯಂ ಕುರ್ಚಿ ಇಲ್ಲ, ಖಾಲಿ ಇದ್ದಲ್ಲಿ ಕೂರುವುದು. ಆದ್ದರಿಂದ ಈ ಕಡತ ಹೊನ್ನಾವರದ ಸರ್ವರಿನಲ್ಲಿ ವಾಸ. ನಾನು ಲಾಗಿನ್ ಆದಾಗ ಅಲ್ಲಿಂದ ಇಳಿದು ಬರಬೇಕು, ಲಾಗಾಫ್ ಆದಾಗ ಮತ್ತೆ ಹತ್ತಿ ಹೋಗಬೇಕು. ಒಂದಕ್ಷರ ಬದಲಾದರೂ ಹೋಗುವುದು ಇಡೀ ಕಡತವೇ.

ಉಳಿದವರದ್ದು ನಾಲ್ಕೈದು ಎಂಬಿ. ನನ್ನದು 612. ನಮ್ಮದು ಎಂಟು ಮೆಗಾಬಿಟ್ಟಿನ ಲೈನು. ಎಂಟು ಬಿಟ್ಟಿಗೆ ಒಂದು ಬೈಟು, ಅಂದರೆ ಸೆಕೆಂಡಿಗೆ ಒಂದು ಎಂಬಿ. 612 ಸೆಕೆಂಡು. ಚಾ ಮತ್ತು ಕವಳದ ಲೆಕ್ಕ ಸರಿಹೋಯಿತು.

ಹೊಟ್ಟೆಯೊಳಗೆ ಏನಿದೆ ನೋಡಬೇಕಲ್ಲ. ಮಾರ್ಕ್ ರುಸಿನೋವಿಚ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಸಲಕರಣೆಗಳಲ್ಲಿ 'ಆರ್‌ಯು' ಅಂತ ಎರಡಕ್ಷರದ್ದೊಂದು ಇದೆ. ಈ ಮರ್ಜಿಗಳ ದಫ್ತರವಾದ ರಿಜಿಸ್ಟ್ರಿಯ ಯಾವ ಕೀಲಿ ಎಷ್ಟು ಜಾಗ ನುಂಗಿದೆ ಎಂದು ಅದು ತೂಕ ಹಾಕಿ ತೋರಿಸುತ್ತದೆ. ಕಳ್ಳ ಸಿಕ್ಕಿದ: ಪ್ರಿಂಟರು. ಎಂದೋ ಕೆಟ್ಟು ಗುಜರಿಗೆ ಹೋದ ಒಂದು ಪ್ರಿಂಟರಿನ ಡ್ರೈವರು ನಾನು ಒಳಗೆ ಬಂದಾಗಲೆಲ್ಲ ತನ್ನ ಸೆಟ್ಟಿಂಗುಗಳನ್ನು ಹೊಸ ಹೆಸರಲ್ಲಿ ಮತ್ತೊಮ್ಮೆ ಬರೆದುಕೊಳ್ಳುತ್ತಿತ್ತು, ಏಳು ವರ್ಷದಿಂದ.

ಮಾಸ್ತರರಿಗೆ ಇದು ಚೆನ್ನಾಗಿಯೇ ಅರ್ಥವಾಯಿತು. ಅವರ ಅಪ್ಪ ಬಾವಿ ತೆಗೆಸಲು ಮಾಡಿದ ಸಾಲ ಎಂದೋ ತೀರಿದೆ. ಆದರೆ ತೀರುವಳಿ ಪತ್ರ ತಂದು ಭೋಜ ಇಳಿಸುವ ಕೆಲಸ ಯಾರೂ ಮಾಡಲಿಲ್ಲ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರು ಹತ್ತಿದಾಗ ಅಪ್ಪನ ಸಾಲವೂ ಹನ್ನೊಂದನೇ ಕಾಲಮ್ಮಿನಲ್ಲಿ ಕೂತು ಜೊತೆಗೇ ಹತ್ತಿತು. "ನಿಮ್ಮ ಪ್ರಿಂಟರ್ ಏಳು ವರ್ಷದ್ದಲ್ದಾ? ನಮ್ಮ ಬಾವಿ ಬತ್ತಿ ಹೂತೂ ಆಯ್ತು."

ಕಸವನ್ನೆಲ್ಲ ಅಳಿಸಿದೆವು. ಮತ್ತೆ ನೋಡಿದರೆ ಕಡತ 612 ಎಂಬಿಯೇ, ಒಂದು ಗುಂಜಿ ಇಳಿದಿಲ್ಲ. ಸಂಜೆ ಬೇಲಿಯ ಹತ್ತಿರ ಈ ಸಂಕಟ ತೋಡಿಕೊಂಡಾಗ, ಇಂಥ ಕಡತಕ್ಕೆ ಕಂಪ್ಯೂಟರಿನವರ ಭಾಷೆಯಲ್ಲಿ 'ಹೈವ್' ಅನ್ನುತ್ತಾರೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಹೈವ್ ಅಂದರೆ ಜೇನುಗೂಡು. ಮಾಸ್ತರರು ಹಾರೆ ಕೆಳಗಿಟ್ಟರು.

ಹೆಸರಿನ ಕತೆಯನ್ನು ಮೈಕ್ರೋಸಾಫ್ಟಿನ ಹಳಬ ರೇಮಂಡ್ ಚೆನ್ ಹೇಳಿದ್ದಾರೆ. ವಿಂಡೋಸ್ ಎನ್‌ಟಿ ಕಟ್ಟುವಾಗ ತಂಡದಲ್ಲಿದ್ದ ಒಬ್ಬನಿಗೆ ಜೇನ್ನೊಣ ಕಂಡರಾಗುತ್ತಿರಲಿಲ್ಲವಂತೆ. ರಿಜಿಸ್ಟ್ರಿ ಬರೆಯುತ್ತಿದ್ದವನು ಅವನನ್ನು ಕಾಡಿಸಲೆಂದೇ ಕಡತಕ್ಕೆ ಗೂಡು ಎಂದೂ ಅದರೊಳಗಿನ ತುಣುಕುಗಳಿಗೆ ಎರಿಯ ಕಣ ಎಂಬರ್ಥದ 'ಸೆಲ್' ಎಂದೂ ಹೆಸರಿಟ್ಟ. ತಮಾಷೆಗೆ ಇಟ್ಟ ಹೆಸರು ವಿಷಯಕ್ಕೆ ಇಷ್ಟು ಚೆನ್ನಾಗಿ ಹೊಂದಿದ್ದು ನಾನು ಬೇರೆಲ್ಲೂ ಕಂಡಿಲ್ಲ. ಯಾಕೆಂದರೆ ಒಳಗಿದ್ದದ್ದನ್ನು ಅಳಿಸಿದರೆ ಕಣ ಹೋಗುವುದಿಲ್ಲ, ಖಾಲಿಯಾಗುತ್ತದೆ ಅಷ್ಟೆ. ಪ್ರತಿ ಕಣದ ನೆತ್ತಿಯ ಮೇಲೆ ಅದರ ಗಾತ್ರ ಬರೆದಿರುತ್ತದೆ. ಋಣ ಸಂಖ್ಯೆಯಾದರೆ ವಾಸ ಇದೆ, ಧನ ಸಂಖ್ಯೆಯಾದರೆ ಖಾಲಿ. ಮುಂದೆ ಯಾವುದಾದರೂ ಹೊಸ ಸಂಗತಿ ಬಂದು ಹಿಡಿಸಿದರೆ ಅಲ್ಲಿ ಕೂರುತ್ತದೆ. ಅಲ್ಲಿಯವರೆಗೆ ಗೂಡಿನ ಗಾತ್ರ ಗಾತ್ರವೇ.

"ಹಳೇ ಎರಿ ಹಾಗೇ ಬಿಟ್ರೆ ಮೇಣದ ಹುಳ ಬೀಳ್ತದೆ" ಅಂದರು ಮಾಸ್ತರರು. "ಖಾಲಿ ಕಣ ಒಂದೊಂದೇ ಕೀಳ್ತಾ ಕೂತರೆ ಬೆಳಗಾಗೂದಿಲ್ಲ. ಜೇನುಹುಳ ಇರೋ ಎರಿ ಮಾತ್ರ ಎತ್ತಿ ಹೊಸ ಪೆಟ್ಟಿಗೆಗೆ ಹಾಕಬೇಕು."

ಹುಡುಗ ಮಾಡಿದ್ದೂ ಅದನ್ನೇ. ಕೂತವನು ಎದ್ದ ಹೊರತು ಕುರ್ಚಿ ಎತ್ತಲಾಗದು, ಹಾಗಾಗಿ ಮೊದಲು ನನ್ನನ್ನು ಎಲ್ಲ ಯಂತ್ರಗಳಿಂದ ಹೊರಗೆ ಹಾಕಿದ. ಸರ್ವರಿನ ಕಡತವನ್ನು ಅಡ್ಮಿನ್ ಹೆಸರಲ್ಲಿ ರಿಜಿಸ್ಟ್ರಿ ಎಡಿಟರಿಗೆ ಹೇರಿಕೊಂಡು, 'ರೆಗ್ ಸೇವ್' ಆಜ್ಞೆ ಕೊಟ್ಟು ಹೊಸ ಕಡತವಾಗಿ ಬರೆಸಿದ. ಆಗ ಜೀವ ಇರುವ ಕಣಗಳು ಮಾತ್ರ ದಾಟುತ್ತವೆ. ಹೊಸದರ ತೂಕ 6 ಎಂಬಿ. ಅದನ್ನು ಹಳೆಯದರ ಜಾಗದಲ್ಲಿಟ್ಟು, ಒಂದೊಂದು ಯಂತ್ರದಲ್ಲೂ ಉಳಿದಿದ್ದ ನನ್ನ ಹಳೆಯ ಪ್ರತಿಗಳನ್ನು ಗುಡಿಸಿ ತೆಗೆಸಿದ. ಇಲ್ಲದಿದ್ದರೆ ಅವುಗಳಲ್ಲೊಂದು ಸಂಜೆ ಸರ್ವರಿಗೆ ಹತ್ತಿ ಮತ್ತೆ ಯಜಮಾನಿಕೆ ಶುರು ಮಾಡಬಹುದಂತೆ.

ಮರುದಿನ ಪಾಸ್‌ವರ್ಡ್ ಒತ್ತಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗಿದ್ದೆ. ಮಾಸ್ತರರು ಬೇಲಿಯಾಚೆಯಿಂದ ಕೇಳಿದ್ದು ಒಂದೇ ಪ್ರಶ್ನೆ: "ಉಳಿದ ಮೇಣ ಎಂತ ಮಾಡಿದ್ರಿ?"

ಬಿಸಾಡಲಿಲ್ಲ. ಹೊಸದು ಕೈಕೊಟ್ಟರೆ ಇರಲಿ ಅಂತ ಹುಡುಗನಿಂದ ಹಳೆಯ ಕಡತ ಕೇಳಿ ಪಡೆದು, ಹೆಸರು ಬದಲಿಸಿ, ನನ್ನ ಡೆಸ್ಕ್‌ಟಾಪಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡೆ. ಡೆಸ್ಕ್‌ಟಾಪಿನ ಮೇಲಿದ್ದದ್ದೂ ನನ್ನ ಬೆನ್ನು ಹಿಡಿದು ಸರ್ವರಿಗೆ ಹೋಗಿ ಬರುವ ಸಂಸಾರದ್ದೇ ಎನ್ನುವುದು ಗೊತ್ತಾದದ್ದು ಅವತ್ತು ಸಂಜೆ. ಲಾಗಾಫ್ ಒತ್ತಿ ಹತ್ತು ನಿಮಿಷ ನಿಂತಿದ್ದೆ, ಭಟ್ಕಳದ ಕಡೆಗಿನ ಬಸ್ಸು ಕಣ್ಣೆದುರಿಗೇ ಹೋಯಿತು.