ಆ ಎರಡು ಮತ

(ಬೀಜಿಂಗ್, ಜನತಾ ಮಹಾಭವನ, ಮಾರ್ಚ್ 2023. ಚೀನಾ ಸಂಸತ್ತಿನ ಇಬ್ಬರು ಪ್ರತಿನಿಧಿಗಳು. ಮತಪೆಟ್ಟಿಗೆ ಇದೆ, ಅದಕ್ಕೇನು ಕೊರತೆ!)

ಹೊಸಬ: ಕಾಮ್ರೇಡ್, ಅಧ್ಯಕ್ಷ ಪದವಿಗೆ ಎಷ್ಟು ಜನ ನಿಂತಿದ್ದಾರೆ?

ಹಳಬ: ಒಬ್ಬರೇ. ಇಬ್ಬರಾದರೆ ನಿನಗೇ ಗೊಂದಲ.

ಹೊಸಬ: ಎರಡೇ ಅವಧಿ ಅಂತ ಸಂವಿಧಾನದಲ್ಲಿ ಇತ್ತಲ್ಲ?

ಹಳಬ: 2018ರಲ್ಲೇ ಕಿತ್ತುಹಾಕಿದೆವು. ಪರ 2958, ವಿರುದ್ಧ 2.

ಹೊಸಬ: ಎರಡಾ! ಯಾರದ್ದು?

ಹಳಬ: ಮೆಲ್ಲಗೆ ಮಾತಾಡಪ್ಪ! ಅಂದಿನಿಂದ ನಾನು ಪಕ್ಕದವನ ಮುಖ ನೋಡ್ತೀನಿ, ಅವನು ನನ್ನ ಮುಖ ನೋಡ್ತಾನೆ.

ಹೊಸಬ: ತಟಸ್ಥ 3, ಅಸಿಂಧು 1 ಅಂತಾನೂ ಓದಿದ್ದೆ.

ಹಳಬ: ಅಸಿಂಧು ಆದವನೇ ಜಾಣ. ಕೈ ನಡುಗಿತು ಅಂದುಬಿಟ್ಟರೆ ಮುಗೀತು.

(ಫಲಿತಾಂಶ: ಷಿ ಜಿನ್‌ಪಿಂಗ್ ಪರ 2952, ವಿರುದ್ಧ ಸೊನ್ನೆ.)

ಹೊಸಬ: ಹಾಗಾದ್ರೆ ಆ ಇಬ್ಬರು...?

ಹಳಬ: ಚಹಾ ಆರಿಹೋಗುತ್ತೆ, ಕಪ್ಪಿಗೆ ಮುಚ್ಚಳ ಹಾಕು. ಬಾಯಿಗೂ ಒಂದು ಸಿಕ್ಕರೆ ನೋಡು.